ಮೈದಾನದ ಹೆಸರು ಯಾರ ಸೊತ್ತು?

ಶನಿವಾರ ರಾತ್ರಿ ಟಿ.ವಿ.ಯ ಮುಂದೆ ಕುಳಿತು ಇಂಗ್ಲೆಂಡಿನ ಫುಟ್‌ಬಾಲ್ ನೋಡುವ ಮಕ್ಕಳು ಈಗ ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಇದ್ದಾರೆ. ಯಾವ ತಂಡದ ತವರು ಮೈದಾನ ಯಾವುದು ಎಂದು ಕೇಳಿದರೆ ಅವರು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಲಿವರ್‌ಪೂಲ್‌ಗೆ ಆನ್‌ಫೀಲ್ಡ್, ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಓಲ್ಡ್ ಟ್ರಾಫರ್ಡ್, ಆರ್ಸೆನಲ್‌ಗೆ ಎಮಿರೇಟ್ಸ್, ಮ್ಯಾಂಚೆಸ್ಟರ್ ಸಿಟಿಗೆ ಎತಿಹಾದ್. ಈ ನಾಲ್ಕರಲ್ಲಿ ಮೊದಲಿನ ಎರಡಕ್ಕೂ ಕೊನೆಯ ಎರಡಕ್ಕೂ ಒಂದು ವ್ಯತ್ಯಾಸವಿದೆ. ಆನ್‌ಫೀಲ್ಡ್ ಮತ್ತು ಓಲ್ಡ್ ಟ್ರಾಫರ್ಡ್ ಅಲ್ಲಿನ ಪ್ರದೇಶಗಳ ಹೆಸರುಗಳು. ಎಮಿರೇಟ್ಸ್ ದುಬೈನ ವಿಮಾನ ಕಂಪನಿ, ಎತಿಹಾದ್ ಅಬುಧಾಬಿಯ ವಿಮಾನ ಕಂಪನಿ. ಜಾಹೀರಾತು ಎಂಬುದು ತಿಳಿಯದೆಯೇ ಮಕ್ಕಳು ಜಾಹೀರಾತನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಕಂಪನಿಗಳು ಕೋಟಿಗಟ್ಟಲೆ ಹಣ ಕೊಡುವುದು ಇದಕ್ಕಾಗಿಯೇ.

ಕ್ರೀಡಾಂಗಣದ ಗೋಡೆಯ ಮೇಲೆ ಜಾಹೀರಾತು ಹಾಕುವುದು ಹಳೆಯ ಪದ್ಧತಿ. ಗೋಡೆಯ ಜಾಹೀರಾತನ್ನು ಕಣ್ಣು ದಾಟಿಹೋಗಬಹುದು. ಆದರೆ ಮೈದಾನಕ್ಕೇ ಕಂಪನಿಯ ಹೆಸರಿಟ್ಟರೆ ಆಟದ ವರದಿ ಬರೆಯುವ ಪತ್ರಕರ್ತ, ವೀಕ್ಷಕ ವಿವರಣೆ ಕೊಡುವವನು, ಬಸ್ಸಿನ ಕಂಡಕ್ಟರು, ಟಿಕೆಟ್ ಕೊಳ್ಳುವ ಪ್ರೇಕ್ಷಕ, ಎಲ್ಲರೂ ಆ ಹೆಸರನ್ನು ಉಚ್ಚರಿಸಲೇಬೇಕು. ಅವರಿಗೆ ಯಾರೂ ಕೂಲಿ ಕೊಡುವುದಿಲ್ಲ. ಒಂದು ಕಂಪನಿ ನಿರ್ದಿಷ್ಟ ಅವಧಿಗೆ ಹಣ ಕೊಟ್ಟು ಮೈದಾನವನ್ನು ತನ್ನ ಹೆಸರಿನಿಂದ ಕರೆಸಿಕೊಳ್ಳುವ ಈ ಅಧಿಕಾರಕ್ಕೆ 'ನಾಮಕರಣದ ಹಕ್ಕು' ಎನ್ನುತ್ತಾರೆ. ಇದನ್ನು ಫುಟ್‌ಬಾಲ್ ಕ್ಲಬ್ಬುಗಳು ಮಾರಬಹುದೇ, ಮಾರಬಾರದೇ ಎಂಬುದು ಯೂರೋಪಿನಲ್ಲಿ ಕಳೆದ ಎರಡು ಮೂರು ದಶಕಗಳಿಂದ ನಡೆದಿರುವ ಚರ್ಚೆ. ಶಾಲೆ ಕಾಲೇಜುಗಳ ಚರ್ಚಾಸ್ಪರ್ಧೆಗೆ ಒಳ್ಳೆಯ ವಿಷಯ. ಆದರೆ 'ಪರ' ಅಥವಾ 'ವಿರುದ್ಧ' ಎಂದು ಪಟ್ಟು ಹಿಡಿಯುವ ಮೊದಲು, ಮಾರಿದವರಿಗೆ ಏನಾಯಿತು ಎಂಬುದನ್ನು ಒಂದೊಂದಾಗಿ ನೋಡುವುದು ಒಳ್ಳೆಯದು.

ಹೊಸ ಮೈದಾನ, ಹೊಸ ಹೆಸರು

ಲಂಡನ್ನಿನ ಆರ್ಸೆನಲ್ ಕ್ಲಬ್ಬು 1913ರಿಂದ 2006ರವರೆಗೆ ಹೈಬರಿ ಎಂಬಲ್ಲಿ ಆಡಿತು. ಊರಿನ ಮನೆಗಳ ನಡುವೆ ಸಿಕ್ಕಿಕೊಂಡಿದ್ದ ಆ ಮೈದಾನದಲ್ಲಿ ಸುಮಾರು 38,000 ಜನರಿಗಷ್ಟೇ ಜಾಗವಿತ್ತು. ಅದನ್ನು ಹಿಗ್ಗಿಸಲು ಆಸ್ಪದವಿರಲಿಲ್ಲ. ಹತ್ತಿರದಲ್ಲೇ 60,000ಕ್ಕೂ ಹೆಚ್ಚು ಆಸನಗಳ ಹೊಸ ಕ್ರೀಡಾಂಗಣ ಕಟ್ಟಲು ಕ್ಲಬ್ಬು ತೀರ್ಮಾನಿಸಿತು. ಇದರ ವೆಚ್ಚ ಸುಮಾರು 39 ಕೋಟಿ ಪೌಂಡು. ಬ್ಯಾಂಕುಗಳಿಂದ ದೊಡ್ಡ ಸಾಲ ಎತ್ತಬೇಕಾಯಿತು. ಈ ಇಕ್ಕಟ್ಟಿನಲ್ಲಿದ್ದಾಗ 2004ರಲ್ಲಿ ಎಮಿರೇಟ್ಸ್ ಜೊತೆ ಕರಾರಾಯಿತು. ಅದರ ಪ್ರಕಾರ 15 ವರ್ಷ ಮೈದಾನಕ್ಕೆ ಕಂಪನಿಯ ಹೆಸರು, 8 ವರ್ಷ ಆಟಗಾರರ ಅಂಗಿಯ ಮೇಲೆ ಅದರ ಗುರುತು. ಎರಡಕ್ಕೂ ಸೇರಿ ಸುಮಾರು 10 ಕೋಟಿ ಪೌಂಡು.

ಒಟ್ಟು ವೆಚ್ಚದ ಕಾಲು ಭಾಗದಷ್ಟು ಮೊತ್ತ ಇದು. ಇಲ್ಲಿ ಮುಖ್ಯವಾದ ಸಂಗತಿ ಇನ್ನೊಂದಿದೆ. ಆ ಕಟ್ಟಡಕ್ಕೆ ಅದಕ್ಕೂ ಮೊದಲು ಜನರ ಬಾಯಲ್ಲಿ ನೆಲೆಯಾದ ಹೆಸರೇ ಇರಲಿಲ್ಲ. ಅಲ್ಲಿ ಯಾರೂ ಅಪ್ಪನ ಹೆಗಲೇರಿ ಆಟ ನೋಡಿರಲಿಲ್ಲ, ಯಾವ ಗೆಲುವೂ ಸೋಲೂ ಅಲ್ಲಿ ನಡೆದಿರಲಿಲ್ಲ. ಹೀಗಾಗಿ ಕಳೆದುಕೊಳ್ಳಲು ಅಲ್ಲಿ ಹೆಚ್ಚೇನೂ ಇರಲಿಲ್ಲ. ಹೈಬರಿ ಎಂಬ ಹೆಸರನ್ನು ಯಾರೂ ಮಾರಲಿಲ್ಲ. ಅಲ್ಲಿನ ಹಳೆಯ ಮೈದಾನ ವಸತಿ ಸಮುಚ್ಚಯವಾಯಿತು. ಪಾರಂಪರಿಕ ಕಟ್ಟಡವೆಂದು ರಕ್ಷಣೆ ಪಡೆದಿದ್ದ ಪೂರ್ವ ದಿಕ್ಕಿನ ಮುಂಭಾಗ ಹಾಗೆಯೇ ಉಳಿಯಿತು.

ಹಾಗೆಂದು ಈ ವ್ಯಾಪಾರ ದೋಷವಿಲ್ಲದ್ದೇನೂ ಅಲ್ಲ. ಕೈಗೆ ಹಣ ಬೇಗ ಬೇಕಾದವನು ದೀರ್ಘಾವಧಿಯ ಕರಾರಿಗೆ ಒಪ್ಪಿಕೊಳ್ಳುತ್ತಾನೆ. ಆಮೇಲೆ ಬೆಲೆ ಏರಿದರೂ ಹಳೆಯ ದರಕ್ಕೇ ಕಟ್ಟುಬಿದ್ದಿರಬೇಕಾಗುತ್ತದೆ. 2012ರಲ್ಲಿ ಆರ್ಸೆನಲ್ ಇದೇ ಕಂಪನಿಯೊಂದಿಗೆ ಹೊಸ ಕರಾರು ಮಾಡಿಕೊಂಡಾಗ ಮೊತ್ತ 15 ಕೋಟಿ ಪೌಂಡಿಗೆ ಏರಿತ್ತು. ಆದರೆ ಈ ಸಲ ಅಂಗಿಯ ಮೇಲಿನ ಹಕ್ಕು 8 ವರ್ಷದ್ದಲ್ಲ, 5 ವರ್ಷದ್ದು. ಮೈದಾನದ ಹೆಸರಿನ ಅವಧಿ 2028ರವರೆಗೆ ಮುಂದುವರಿಯಿತು. ಎರಡು ಕರಾರುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ಮೊದಲನೆಯದು ಎಷ್ಟು ಅಗ್ಗಕ್ಕೆ ಹೋಗಿತ್ತು ಎಂಬುದು ತಿಳಿಯುತ್ತದೆ.

ಇದೇ ಆರ್ಸೆನಲ್‌ಗೆ ಸಂಬಂಧಿಸಿದ ಇನ್ನೊಂದು ನಾಮಕರಣ ಸ್ವಾರಸ್ಯಕರವಾಗಿದೆ. ಹೈಬರಿಯ ಪಕ್ಕದ ನೆಲದಡಿಯ ರೈಲು ನಿಲ್ದಾಣದ ಹೆಸರು ಮೊದಲು ಗಿಲೆಸ್ಪಿ ರೋಡ್ ಎಂದಿತ್ತು. ಆಗಿನ ತಂಡದ ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್ ಪಟ್ಟು ಹಿಡಿದದ್ದರಿಂದ 1932ರಲ್ಲಿ ಅದು 'ಆರ್ಸೆನಲ್' ನಿಲ್ದಾಣವಾಯಿತು. ದಿನವೂ ಸಾವಿರಾರು ಪ್ರಯಾಣಿಕರ ಕಿವಿಗೆ ಹೆಸರು ಬೀಳುವುದರ ಬೆಲೆ ಏನೆಂಬುದು ಚಾಪ್‌ಮನ್‌ಗೆ ಆಗಲೇ ಗೊತ್ತಿತ್ತು ಎನ್ನಬೇಕು.

ನ್ಯೂಕ್ಯಾಸಲ್‌ನ ಕತೆ

ಇಂಗ್ಲೆಂಡಿನ ಈಶಾನ್ಯದಲ್ಲಿ ಟೈನ್ ನದಿಯ ದಂಡೆಯ ಮೇಲೆ ನ್ಯೂಕ್ಯಾಸಲ್ ಎಂಬ ಊರಿದೆ. ಒಂದು ಕಾಲಕ್ಕೆ ಕಲ್ಲಿದ್ದಲಿಗೂ ಹಡಗು ಕಟ್ಟುವುದಕ್ಕೂ ಹೆಸರಾಗಿದ್ದ ಊರು. ಆ ಉದ್ಯಮಗಳು ಕುಗ್ಗಿದವು. ಊರಿನ ಫುಟ್‌ಬಾಲ್ ಮೇಲಿನ ಹುಚ್ಚು ಮಾತ್ರ ಕುಗ್ಗಲಿಲ್ಲ. ಊರಿನ ನಡುವೆಯೇ ಇರುವ ಮೈದಾನದ ಹೆಸರು ಸೇಂಟ್ ಜೇಮ್ಸ್ ಪಾರ್ಕ್. ಅಲ್ಲಿ 1880ರಿಂದ ಫುಟ್‌ಬಾಲ್ ನಡೆದಿದೆ. ನ್ಯೂಕ್ಯಾಸಲ್ ಯುನೈಟೆಡ್ ಕ್ಲಬ್ಬಿನ ತವರಾಗಿ 1892ರಿಂದ ಇದೆ. ಸುಮಾರು 52,000 ಜನ ಕೂರಬಹುದು.

2007ರಲ್ಲಿ ಈ ಕ್ಲಬ್ಬನ್ನು ಮೈಕ್ ಆಶ್ಲಿ ಎಂಬ ಉದ್ಯಮಿ ಕೊಂಡರು. 'ಸ್ಪೋರ್ಟ್ಸ್ ಡೈರೆಕ್ಟ್' ಎಂಬ ಕ್ರೀಡಾ ಸಾಮಗ್ರಿಗಳ ಅಂಗಡಿ ಸರಣಿ ಅವರದು. 2009ರಲ್ಲಿ ತಂಡ ಕೆಳಗಿನ ದರ್ಜೆಗೆ ಇಳಿಯಿತು. ಅದೇ ವರ್ಷ ಮೈದಾನದ ಹೆಸರಿನ ಹಿಂದುಮುಂದೆ ಅಂಗಡಿಯ ಹೆಸರು ಅಂಟಿಸುವ ಪ್ರಯತ್ನ ಮೊದಲಾಯಿತು. 2011ರ ನವೆಂಬರಿನಲ್ಲಿ ಆಡಳಿತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಳೆಯ ಹೆಸರನ್ನೇ ತೆಗೆದು 'ಸ್ಪೋರ್ಟ್ಸ್ ಡೈರೆಕ್ಟ್ ಅರೀನಾ' ಎಂದು ಘೋಷಿಸಿತು. ಹೊರಗಿನ ಕಂಪನಿಗಳಿಗೆ, 'ಈ ಜಾಗ ಮಾರಾಟಕ್ಕಿದೆ, ನಿಮ್ಮ ಹೆಸರು ಹೀಗೆ ಕಾಣುತ್ತದೆ' ಎಂದು ತೋರಿಸುವ ಮಾದರಿ ಇದು ಎಂಬುದು ಆಡಳಿತದ ಸಮರ್ಥನೆಯಾಗಿತ್ತು.

ಅಂದರೆ ಆ ಹೊತ್ತಿಗೆ ಹೊರಗಿನಿಂದ ಕೊಳ್ಳುವವರು ಯಾರೂ ಬಂದಿರಲಿಲ್ಲ. ಮಾಲೀಕರ ಅಂಗಡಿಯ ಹೆಸರೇ ಊರಿನ ಎದೆಯ ಮೇಲೆ ಕೂತಿತು. ಅಭಿಮಾನಿಗಳು ಇದನ್ನು ಒಪ್ಪಲಿಲ್ಲ. ಮಾತಿನಲ್ಲಿ, ಹಾಡಿನಲ್ಲಿ, ಭಿತ್ತಿಪತ್ರಗಳಲ್ಲಿ ಹಳೆಯ ಹೆಸರನ್ನೇ ಹಿಡಿದರು. 2012ರ ಫೆಬ್ರವರಿಯಲ್ಲಿ ಗೋಡೆಯ ಮೇಲಿನ ಹಳೆಯ ಅಕ್ಷರಗಳನ್ನು ಇಳಿಸಿದಾಗ ಸಿಟ್ಟು ಇನ್ನಷ್ಟು ಹೆಚ್ಚಿತು.

ಈ ಸಿಟ್ಟಿಗೆ ಕಾರಣ ಬರೀ ಭಾವುಕತೆ ಎಂದು ತಳ್ಳಿಹಾಕುವುದು ಸುಲಭ. ಸ್ವಲ್ಪ ಯೋಚಿಸಿದರೆ ಅದರ ಹಿಂದೆ ಒಂದು ಸರಿಯಾದ ವಾದವೂ ಇದೆ. ಕಂಪನಿಗಳು ಒಂದು ಮೈದಾನದ ಹೆಸರಿಗೆ ಹಣ ಕೊಡುವುದು ಏಕೆ? ಅಲ್ಲಿಗೆ ಪ್ರತಿ ಸಲವೂ ಐವತ್ತು ಸಾವಿರ ಜನ ಬರುತ್ತಾರೆ, ಲಕ್ಷಾಂತರ ಜನ ಟಿ.ವಿ.ಯಲ್ಲಿ ನೋಡುತ್ತಾರೆ ಎಂಬುದಕ್ಕೆ. ಆ ಜನ ಬರುವುದು ಕಟ್ಟಡ ನೋಡಲಿಕ್ಕಲ್ಲ. ಅಜ್ಜನ ಕಾಲದಿಂದ ಬಂದ ನಂಟಿಗಾಗಿ. ಆ ನಂಟಿನ ಗುರುತೇ ಆ ಹೆಸರು. ಎಂದ ಮೇಲೆ ಮಾರಾಟವಾಗುತ್ತಿರುವ ಸರಕನ್ನು ತಯಾರು ಮಾಡಿದವರು ಪ್ರೇಕ್ಷಕರು. ಕ್ಲಬ್ಬಿನ ಷೇರು ಮಾಲೀಕರದ್ದಾಗಿರಬಹುದು, ಕಟ್ಟಡ ಕ್ಲಬ್ಬಿನದ್ದಾಗಿರಬಹುದು. 120 ವರ್ಷ ಜನ ಬಳಸಿ ಬೆಳೆಸಿದ ಹೆಸರು ಮಾತ್ರ ಐದು ವರ್ಷದ ಹಿಂದೆ ಬಂದ ಮಾಲೀಕನ ಒಬ್ಬನದೇ ಸೊತ್ತಲ್ಲ.

ಆಡಳಿತದ ಕಡೆಯ ವಾದವನ್ನೂ ಕೇಳಬೇಕು. ಒಳ್ಳೆಯ ಆಟಗಾರರಿಗೆ ಹಣ ಬೇಕು, ಟಿಕೆಟ್ ದರ ಏರಿಸಿದರೆ ಬಡವರಿಗೆ ಹೊರೆ, ಹೆಸರು ಮಾರಿದರೆ ಯಾರ ಜೇಬಿಗೂ ಕತ್ತರಿ ಬೀಳುವುದಿಲ್ಲ ಎಂಬುದು ಆ ವಾದ. ಇದರಲ್ಲಿ ಹುರುಳಿದೆ. ಆದರೆ ಹೆಸರಿನಿಂದ ಬಂದ ಹಣ ಎಲ್ಲಿಗೆ ಹೋಯಿತು, ಟಿಕೆಟ್ ದರ ನಿಜವಾಗಿ ಇಳಿಯಿತೇ ಎಂದು ಪ್ರೇಕ್ಷಕ ಕೇಳುವಂತಿರಬೇಕು. 2011ರ ಜನವರಿಯಲ್ಲಿ ಇದೇ ಕ್ಲಬ್ಬು ತನ್ನ ನೆರೆಯಲ್ಲೇ ಹುಟ್ಟಿ ಬೆಳೆದ ಆ್ಯಂಡಿ ಕ್ಯಾರಲ್ ಎಂಬ ಆಟಗಾರನನ್ನು ಲಿವರ್‌ಪೂಲ್‌ಗೆ 3.5 ಕೋಟಿ ಪೌಂಡಿಗೆ ಕೊಟ್ಟಿತ್ತು. ಅಷ್ಟು ಹಣ ಬಂದ ವರ್ಷದಲ್ಲೇ ಹೆಸರನ್ನೂ ಮಾರಬೇಕೇ ಎಂದು ಅಭಿಮಾನಿಗಳಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಕೊನೆಗೆ ಕೊಂಡವರು

2012ರ ಅಕ್ಟೋಬರಿನಲ್ಲಿ ನ್ಯೂಕ್ಯಾಸಲ್‌ಗೆ ಕೊಳ್ಳುವವರು ಸಿಕ್ಕಿದರು. ಅಂಗಿಯ ಪ್ರಾಯೋಜಕತ್ವ ಮತ್ತು ಮೈದಾನದ ಹೆಸರಿನ ಹಕ್ಕು ಎರಡನ್ನೂ ನಾಲ್ಕು ವರ್ಷದ ಕರಾರಿನಲ್ಲಿ ವೋಂಗಾ ಎಂಬ ಕಂಪನಿ ಪಡೆಯಿತು. ಆಗಿನ ಪತ್ರಿಕಾ ವರದಿಗಳ ಪ್ರಕಾರ ಮೊತ್ತ ಸುಮಾರು 2.4 ಕೋಟಿ ಪೌಂಡು. ಕ್ಯಾರಲ್ ಒಬ್ಬನಿಂದ ಬಂದ ಹಣಕ್ಕಿಂತಲೂ ಕಡಿಮೆ. ಹೆಸರು ಕೊಂಡ ವೋಂಗಾ ಮಾಡಿದ ಮೊದಲ ಕೆಲಸವೆಂದರೆ 'ಸೇಂಟ್ ಜೇಮ್ಸ್ ಪಾರ್ಕ್' ಎಂಬ ಹಳೆಯ ಹೆಸರನ್ನು ಮರಳಿ ಕೊಟ್ಟದ್ದು. ಜನರ ಮನಸ್ಸು ಗೆಲ್ಲಲು ತನ್ನ ಹೆಸರಿಗಿಂತ ಹಳೆಯ ಹೆಸರೇ ಒಳ್ಳೆಯ ಜಾಹೀರಾತು ಎಂದು ಕಂಪನಿಗೆ ಹೊಳೆಯಿತು!

ಕತೆ ಇಲ್ಲಿಗೇ ಸುಖಾಂತವಾಗಲಿಲ್ಲ. ವೋಂಗಾ ಎಂಬುದು ಸಂಬಳ ಬರುವವರೆಗಿನ ಕೆಲವು ದಿನಗಳಿಗೆ ಸಣ್ಣ ಸಾಲ ಕೊಡುವ ಕಂಪನಿ. ಆಗ ಅದರ ವಾರ್ಷಿಕ ಬಡ್ಡಿದರವೆಂದು ಪ್ರಕಟವಾಗುತ್ತಿದ್ದ ಅಂಕಿ ಶೇಕಡಾ 4,214. ಮುದ್ರಣದೋಷವಲ್ಲ. ನಾಲ್ಕು ಸಾವಿರದ ಇನ್ನೂರ ಹದಿನಾಲ್ಕು.

ಇದು ಹೇಗೆ ಸಾಧ್ಯ ಎಂದು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ದಿನಕ್ಕೆ ಶೇಕಡಾ 1 ಬಡ್ಡಿ ಎಂದರೆ ಅಲ್ಪವೆನಿಸುತ್ತದೆ. 100 ಪೌಂಡಿಗೆ ದಿನಕ್ಕೆ 1 ಪೌಂಡು. ಆದರೆ ತೀರಿಸದೆ ಬಿಟ್ಟು, ಬಡ್ಡಿಗೂ ಬಡ್ಡಿ ಸೇರುತ್ತಾ ಹೋಯಿತೆನ್ನಿ. 1.01 ಎಂಬ ಸಂಖ್ಯೆಯನ್ನು ಅದರಿಂದಲೇ 365 ಸಲ ಗುಣಿಸುತ್ತಾ ಹೋದರೆ ಸುಮಾರು 37.8 ಬರುತ್ತದೆ. ಅಂದರೆ ವರ್ಷದ ಕೊನೆಗೆ 100 ಪೌಂಡು 3,780 ಪೌಂಡಿನ ಆಸುಪಾಸಿಗೆ ಬೆಳೆದಿರುತ್ತದೆ. ಶೇಕಡಾ 4,214 ಎಂದರೆ 100 ಪೌಂಡು 4,314 ಆಗುವ ದರ. ಸಾಲ ಇರುತ್ತಿದ್ದದ್ದು ಕೆಲವೇ ದಿನಕ್ಕಾದ್ದರಿಂದ ಎಲ್ಲರೂ ಇಷ್ಟು ತೆರುತ್ತಿರಲಿಲ್ಲ, ನಿಜ. ಆದರೆ ಹೊತ್ತಿಗೆ ತೀರಿಸಲಾಗದೆ ಸಾಲದ ಮೇಲೆ ಸಾಲ ಮಾಡಿದವನ ಪಾಡು ಏನಾಗುತ್ತದೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಕೂಲಿ ಕಾರ್ಮಿಕರ ಊರಾದ ನ್ಯೂಕ್ಯಾಸಲ್‌ನಲ್ಲಿ ಇಂಥ ಕಂಪನಿಯ ಹೆಸರನ್ನು ತಂಡದ ಎದೆಯ ಮೇಲೆ ಹಾಕಿದ್ದು ಸ್ಥಳೀಯ ರಾಜಕಾರಣಿಗಳಿಂದ ಹಿಡಿದು ಅಭಿಮಾನಿಗಳವರೆಗೆ ಹಲವರ ಟೀಕೆಗೆ ಗುರಿಯಾಯಿತು. 2013ರಲ್ಲಿ ಸೆನೆಗಲ್ ದೇಶದ ಆಟಗಾರ ಪಾಪಿಸ್ ಸಿಸ್ಸೆ, ಬಡ್ಡಿಯ ವ್ಯವಹಾರ ತನ್ನ ಧರ್ಮಕ್ಕೆ ವಿರುದ್ಧವೆಂದು ಆ ಅಂಗಿ ತೊಡಲು ಮೊದಲು ನಿರಾಕರಿಸಿದರು. ಆಮೇಲೆ ಮಾತುಕತೆಯಿಂದ ಒಪ್ಪಿದರು. 2015ರ ಜನವರಿಯಿಂದ ಬ್ರಿಟನ್ ಇಂಥ ಸಾಲಗಳ ಮೇಲೆ ಮಿತಿ ಹೇರಿತು. ದಿನಕ್ಕೆ ಶೇಕಡಾ 0.8ಕ್ಕಿಂತ ಹೆಚ್ಚು ವಿಧಿಸುವಂತಿಲ್ಲ, ಬಡ್ಡಿ ಮತ್ತು ಶುಲ್ಕಗಳು ಒಟ್ಟಾರೆ ಅಸಲನ್ನು ಮೀರುವಂತಿಲ್ಲ ಎಂದಾಯಿತು. 2018ರ ಆಗಸ್ಟಿನಲ್ಲಿ ವೋಂಗಾ ದಿವಾಳಿಯಾಯಿತು. ಆಶ್ಲಿಯವರು 2021ರ ಅಕ್ಟೋಬರಿನಲ್ಲಿ ಕ್ಲಬ್ಬನ್ನು ಮಾರಿ ಹೊರಟರು. ಸೇಂಟ್ ಜೇಮ್ಸ್ ಪಾರ್ಕ್ ಎಂಬ ಹೆಸರು ಅವರಿಬ್ಬರನ್ನೂ ಮೀರಿ ಉಳಿಯಿತು.

ಹೀಗೆ ಮೈದಾನದ ಹೆಸರು ಮಾರುವವನು ಬೆಲೆಯನ್ನು ನೋಡಿದರೆ ಸಾಲದು, ಕೊಳ್ಳುವವನ ಕಸುಬನ್ನೂ ನೋಡಬೇಕು. ಹೆಸರು ಎರವಲು ಕೊಟ್ಟವನಿಗೆ ಎರವಲು ಪಡೆದವನ ಒಳ್ಳೆಯದೂ ಕೆಟ್ಟದ್ದೂ ಅಂಟಿಕೊಳ್ಳುತ್ತದೆ. ಆಟ ನೋಡುವವರಲ್ಲಿ ಮಕ್ಕಳೇ ಬಹಳ ಇರುವಾಗ ಇದು ಇನ್ನೂ ಮುಖ್ಯ.

ಹದಿನಾಲ್ಕು ವರ್ಷ, ಮೂರು ಹೆಸರು

ಜರ್ಮನಿಯ ಹ್ಯಾಂಬರ್ಗ್ ನಗರದ ಕ್ರೀಡಾಂಗಣದ ಹೆಸರು ಫೋಕ್ಸ್‌ಪಾರ್ಕ್ ಸ್ಟೇಡಿಯಂ. ಜನರ ಉದ್ಯಾನದ ಪಕ್ಕದ ಮೈದಾನ ಎಂದು ಅರ್ಥ. 2001ರಲ್ಲಿ ಅದು ಅಮೆರಿಕದ ಇಂಟರ್‌ನೆಟ್ ಕಂಪನಿಯೊಂದರ ಹೆಸರಿನಲ್ಲಿ 'ಎ.ಒ.ಎಲ್. ಅರೀನಾ' ಆಯಿತು. 2007ರಲ್ಲಿ ಒಂದು ಬ್ಯಾಂಕಿನ ಹೆಸರಿನಲ್ಲಿ 'ಎಚ್.ಎಸ್.ಎಚ್. ನಾರ್ಡ್‌ಬ್ಯಾಂಕ್ ಅರೀನಾ' ಆಯಿತು. 2010ರಲ್ಲಿ ಕಟ್ಟಡಗಳ ತಾಂತ್ರಿಕ ಕೆಲಸ ಮಾಡುವ ಕಂಪನಿಯ ಹೆಸರಿನಲ್ಲಿ 'ಇಮ್‌ಟೆಕ್ ಅರೀನಾ' ಆಯಿತು. 2015ರಲ್ಲಿ ಹ್ಯಾಂಬರ್ಗ್‌ನವರೇ ಆದ ಉದ್ಯಮಿ ಕ್ಲಾಸ್-ಮಿಕಾಯೆಲ್ ಕ್ಯೂನೆ ಹಕ್ಕನ್ನು ಕೊಂಡು, ಹಳೆಯ ಹೆಸರನ್ನೇ ಮತ್ತೆ ಹಾಕಿಸಿದರು. ಅದೇ ವರ್ಷ ಜರ್ಮನಿಯ ಇಮ್‌ಟೆಕ್ ದಿವಾಳಿಯಾಯಿತು. ನಾರ್ಡ್‌ಬ್ಯಾಂಕ್ ಮುಂದೆ ಬೇರೆಯವರ ಕೈಸೇರಿ ಬೇರೆ ಹೆಸರು ಪಡೆಯಿತು. ಹದಿನಾಲ್ಕು ವರ್ಷದಲ್ಲಿ ಮೂರು ಹೆಸರು ಬದಲಾದ ಮೇಲೆ, ಅಪ್ಪ ಮಗ ಒಂದೇ ಮೈದಾನಕ್ಕೆ ಹೋಗಿಬಂದರೂ ಅದನ್ನು ಬೇರೆಬೇರೆ ಹೆಸರಿನಿಂದ ನೆನೆಯುವ ಪರಿಸ್ಥಿತಿ.

ಕೊಳ್ಳುವವರಿಗೂ ಇದರಿಂದ ಪೂರ್ಣ ಲಾಭವಿಲ್ಲ. ಯೂರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್ಎ ನಡೆಸುವ ಪಂದ್ಯಾವಳಿಗಳಲ್ಲಿ ಆ ಪಂದ್ಯಾವಳಿಯ ಪ್ರಾಯೋಜಕರಲ್ಲದ ಕಂಪನಿಗಳ ಹೆಸರಿಗೆ ಅವಕಾಶವಿಲ್ಲ. ಚಾಂಪಿಯನ್ಸ್ ಲೀಗ್ ಪಂದ್ಯ ನಡೆಯುವಾಗ 'ಎಮಿರೇಟ್ಸ್' ಹೋಗಿ 'ಆರ್ಸೆನಲ್ ಸ್ಟೇಡಿಯಂ' ಆಗುತ್ತದೆ. 2025ರ ಮೇ 31ರಂದು ಚಾಂಪಿಯನ್ಸ್ ಲೀಗ್ ಫೈನಲ್ ನಡೆದ ಮ್ಯೂನಿಕ್‌ನ ಕ್ರೀಡಾಂಗಣ ಸಾಮಾನ್ಯವಾಗಿ 'ಅಲಿಯಾಂಜ್ ಅರೀನಾ'. ಆ ರಾತ್ರಿ ಅದರ ಹೆಸರು 'ಮ್ಯೂನಿಕ್ ಫುಟ್‌ಬಾಲ್ ಅರೀನಾ'. ಜಗತ್ತು ಅತಿ ಹೆಚ್ಚು ಕಣ್ಣಿಟ್ಟು ನೋಡುವ ಹೊತ್ತಿನಲ್ಲೇ ಹೆಸರಿನ ಮೇಲೆ ಬಟ್ಟೆ ಬೀಳುತ್ತದೆ.

ಮಾರಿದ್ದು ತಪ್ಪಲ್ಲ ಎನ್ನಿಸುವಂಥವು

ಎಲ್ಲ ಮಾರಾಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ಬು 2005ರಲ್ಲಿ ಸಾಲದಲ್ಲಿ ಮುಳುಗಿ ಬಾಗಿಲು ಹಾಕುವ ಸ್ಥಿತಿಗೆ ಬಂದಿತ್ತು. ಅದಕ್ಕೂ ಮೊದಲೇ ಹಣಕ್ಕಾಗಿ ಮೈದಾನವನ್ನೇ ಪರಭಾರೆ ಮಾಡಿತ್ತು. ಆ ವರ್ಷದ ಕೊನೆಯಲ್ಲಿ ಅದೇ ಊರಿನಲ್ಲಿ ನೆಲೆಯಿರುವ ವಿಮಾ ಸಂಸ್ಥೆಯೊಂದಕ್ಕೆ ಹೆಸರಿನ ಹಕ್ಕು ಕೊಟ್ಟಿತು. ವೆಸ್ಟ್‌ಫಾಲನ್ ಸ್ಟೇಡಿಯಂ 'ಸಿಗ್ನಲ್ ಇಡುನಾ ಪಾರ್ಕ್' ಆಯಿತು. ಮನೆಯೇ ಹೋಗುವಾಗ ಬಾಗಿಲ ಫಲಕಕ್ಕಾಗಿ ಜಗಳವಾಡುವುದು ಕಷ್ಟ. ಮರುವರ್ಷ ಕ್ಲಬ್ಬು ಮೈದಾನವನ್ನು ಹಿಂದಕ್ಕೆ ಕೊಂಡಿತು. 2011 ಮತ್ತು 2012ರಲ್ಲಿ ಜರ್ಮನಿಯ ಚಾಂಪಿಯನ್ ಆಯಿತು. ಅಭಿಮಾನಿಗಳಲ್ಲಿ ಬಹಳ ಮಂದಿ ಇಂದಿಗೂ ಹಳೆಯ ಹೆಸರನ್ನೇ ಹೇಳುತ್ತಾರೆ. ಅವರ ಬಾಯಿಗೆ ಯಾವ ಕರಾರೂ ಬೀಗ ಹಾಕಿಲ್ಲ.

ಇಂಗ್ಲೆಂಡಿನ ಯಾರ್ಕ್ ಸಿಟಿ ಚಿಕ್ಕ ಕ್ಲಬ್ಬು. ಅದರ ಬೂತಮ್ ಕ್ರೆಸೆಂಟ್ ಮೈದಾನಕ್ಕೆ 2005ರಲ್ಲಿ 'ಕಿಟ್‌ಕ್ಯಾಟ್ ಕ್ರೆಸೆಂಟ್' ಎಂದು ಹೆಸರಿಟ್ಟರು. ಚಾಕೊಲೆಟಿನ ಹೆಸರು ಮೈದಾನಕ್ಕೆ ಎಂದು ನಗುವವರು ನಕ್ಕರು. ಆದರೆ ಕಿಟ್‌ಕ್ಯಾಟ್ ಹುಟ್ಟಿದ್ದೇ ಯಾರ್ಕ್‌ನ ಕಾರ್ಖಾನೆಯಲ್ಲಿ. 2010ರಲ್ಲಿ ಕರಾರು ಮುಗಿದು ಹಳೆಯ ಹೆಸರು ಮರಳಿತು. ಹಾಲೆಂಡಿನ ಐಂಡ್‌ಹೋವನ್‌ನಲ್ಲಿರುವ 'ಫಿಲಿಪ್ಸ್ ಸ್ಟೇಡಿಯಂ' ಹೆಸರು ಕೇಳಿ ಇದೂ ಮಾರಾಟದ ಹೆಸರು ಎಂದುಕೊಳ್ಳುವವರಿದ್ದಾರೆ. ಪಿಎಸ್‌ವಿ ಎಂಬ ಆ ಕ್ಲಬ್ಬನ್ನು 1913ರಲ್ಲಿ ಫಿಲಿಪ್ಸ್ ಬಲ್ಬ್ ಕಾರ್ಖಾನೆಯ ನೌಕರರಿಗಾಗಿ ಸ್ಥಾಪಿಸಲಾಯಿತು. ಅಲ್ಲಿ ಕಂಪನಿಯ ಹೆಸರು ಹೊರಗಿನಿಂದ ಬಂದದ್ದಲ್ಲ, ಬೇರಿನಲ್ಲೇ ಇರುವುದು.

ಬೋಲ್ಟನ್ ಕ್ಲಬ್ಬಿನ ಉದಾಹರಣೆ ಇನ್ನೂ ವಿಚಿತ್ರವಾಗಿದೆ. 1997ರಲ್ಲಿ ಅದು ಹೊಸ ಮೈದಾನಕ್ಕೆ ಬಂದಾಗ ಇಟ್ಟ ಹೆಸರು 'ರೀಬಾಕ್ ಸ್ಟೇಡಿಯಂ'. ರೀಬಾಕ್ ಬೋಲ್ಟನ್‌ನಲ್ಲೇ ಹುಟ್ಟಿದ ಬೂಟು ಕಂಪನಿ. 2014ರಲ್ಲಿ ಅದು 'ಮ್ಯಾಕ್ರನ್', 2018ರಲ್ಲಿ 'ಯೂನಿವರ್ಸಿಟಿ ಆಫ್ ಬೋಲ್ಟನ್', 2023ರಲ್ಲಿ 'ಟಫ್‌ಶೀಟ್' ಎಂದು ಬದಲಾಯಿತು. ಹದಿನೇಳು ವರ್ಷ ಬಳಸಿದ ರೀಬಾಕ್ ಎಂಬ ಹೆಸರನ್ನು ಬಿಡಲು ಒಪ್ಪದ ಅಭಿಮಾನಿಗಳು ಅಲ್ಲಿದ್ದಾರೆ! ಕೊಂಡು ತಂದ ಹೆಸರೂ ಸಾಕಷ್ಟು ಕಾಲ ಉಳಿದರೆ ಜನರದ್ದಾಗಿಬಿಡುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಎಂದ ಮೇಲೆ ಕಂಪನಿಯ ಹೆಸರು ಎಂಬ ಒಂದೇ ಕಾರಣಕ್ಕೆ ಅದು ಕೆಟ್ಟದ್ದಾಗುವುದಿಲ್ಲ. ನೆಲೆಯೂರುವ ಮೊದಲೇ ಕಿತ್ತು ಮತ್ತೊಂದನ್ನು ನೆಡುವುದು ತೊಂದರೆಯ ಮೂಲ.

ಕೇಳಿ ಮಾರಿದವರು

ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿಗೆ ಒಬ್ಬ ಮಾಲೀಕನಿಲ್ಲ. ಲಕ್ಷಕ್ಕೂ ಹೆಚ್ಚು ಸದಸ್ಯರೇ ಅದರ ಒಡೆಯರು. 1957ರಲ್ಲಿ ಕಟ್ಟಿದ ಅದರ ಕ್ರೀಡಾಂಗಣವನ್ನು ಜನ 'ಕಾಂಪ್ ನೋ' ಎಂದು ಕರೆಯತೊಡಗಿದರು. 'ಹೊಸ ಮೈದಾನ' ಎಂದಷ್ಟೇ ಅದರ ಅರ್ಥ. ಕಾಗದದ ಮೇಲಿನ ಹೆಸರು ಬೇರೆಯೇ ಇತ್ತು. ದಶಕಗಳ ಬಳಿಕ, ಹೊಸ ಶತಮಾನದ ಹೊಸ್ತಿಲಲ್ಲಿ, ಸದಸ್ಯರ ಮತದಿಂದ ಜನರ ಹೆಸರೇ ಅಧಿಕೃತವಾಯಿತು. 2022ರಲ್ಲಿ ಕ್ಲಬ್ಬು ದೊಡ್ಡ ಸಾಲದಲ್ಲಿದ್ದಾಗ ಸ್ಪಾಟಿಫೈ ಎಂಬ ಸಂಗೀತದ ಕಂಪನಿಯೊಂದಿಗೆ ಕರಾರಿಗೆ ಮುಂದಾಯಿತು. ಅದನ್ನು ಆ ವರ್ಷದ ಏಪ್ರಿಲ್‌ನಲ್ಲಿ ಸದಸ್ಯರ ಪ್ರತಿನಿಧಿಗಳ ಸಭೆಯ ಮುಂದೆ ಇಟ್ಟು ಮತಕ್ಕೆ ಹಾಕಿದರು. ಭಾರಿ ಬಹುಮತದಿಂದ ಒಪ್ಪಿಗೆ ಸಿಕ್ಕಿತು. ಹೆಸರು 'ಸ್ಪಾಟಿಫೈ ಕಾಂಪ್ ನೋ' ಆಯಿತು. ಹಳೆಯದು ಹೋಗಲಿಲ್ಲ, ಅದರ ಮುಂದೆ ಹೊಸದೊಂದು ಸೇರಿತು.

ಜರ್ಮನಿಯ ನ್ಯೂರೆಂಬರ್ಗ್‌ನದು ಇನ್ನೂ ಹೃದ್ಯವಾದ ಪ್ರಸಂಗ. ಅಲ್ಲಿನ ಮೈದಾನಕ್ಕೂ 2006ರಿಂದ ಸಾಲ ಕೊಡುವವರ, ಟಿ.ವಿ. ಮಾಡುವವರ ಹೆಸರುಗಳು ಬಂದು ಹೋಗಿದ್ದವು. 2017ರಲ್ಲಿ ಅದೇ ಊರಿನ ಒಂದು ಬ್ಯಾಂಕು ಹಕ್ಕನ್ನು ಕೊಂಡು ತನ್ನ ಹೆಸರಿಡಲಿಲ್ಲ. ಅಭಿಮಾನಿಗಳೂ ಚಂದಾ ಎತ್ತಿ ಕೈಜೋಡಿಸಿದರು. ಮೈದಾನಕ್ಕೆ ಮ್ಯಾಕ್ಸ್ ಮೋರ್ಲಾಕ್ ಹೆಸರಿಟ್ಟರು. ಮೋರ್ಲಾಕ್ ಆ ಊರಿನಲ್ಲೇ ಹುಟ್ಟಿ, ಆ ಊರಿನ ಕ್ಲಬ್ಬಿಗೇ ಆಡಿದವರು. 1954ರ ವಿಶ್ವಕಪ್ ಫೈನಲ್‌ನಲ್ಲಿ ಹಂಗೇರಿಯ ವಿರುದ್ಧ 0-2ರಿಂದ ಹಿಂದಿದ್ದ ಪಶ್ಚಿಮ ಜರ್ಮನಿಗೆ ಮೊದಲ ಗೋಲು ಗಳಿಸಿಕೊಟ್ಟವರು ಅವರೇ. ಆ ಪಂದ್ಯವನ್ನು ಜರ್ಮನಿ 3-2ರಿಂದ ಗೆದ್ದಿತು. ಬ್ಯಾಂಕಿಗೆ ತನ್ನ ಹೆಸರು ಹಾಕಿಕೊಂಡಿದ್ದರೆ ಸಿಗುತ್ತಿದ್ದ ಪ್ರಚಾರಕ್ಕಿಂತ ಹಾಕಿಕೊಳ್ಳದೇ ಇದ್ದುದರಿಂದ ಸಿಕ್ಕ ಗೌರವ ದೊಡ್ಡದು.

ನಮ್ಮಲ್ಲಿ ಈ ಚರ್ಚೆ ಅಷ್ಟಾಗಿ ಕೇಳಿಬರದಿರುವುದಕ್ಕೆ ಒಂದು ಸರಳ ಕಾರಣವಿದೆ. ಭಾರತದ ಹೆಚ್ಚಿನ ಫುಟ್‌ಬಾಲ್ ಕ್ಲಬ್ಬುಗಳಿಗೆ ಸ್ವಂತ ದೊಡ್ಡ ಕ್ರೀಡಾಂಗಣವಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ತವರಿನ ಪಂದ್ಯಗಳನ್ನು ಆಡುತ್ತಾ ಬಂದಿರುವ ಶ್ರೀ ಕಂಠೀರವ ಕ್ರೀಡಾಂಗಣ ರಾಜ್ಯ ಸರ್ಕಾರದ್ದು. ಅದರ ಹೆಸರು ಕ್ಲಬ್ಬಿನ ಸೊತ್ತಲ್ಲ. ಸ್ವಂತ ಮೈದಾನ ಕಟ್ಟುವ ಕಾಲ ಬಂದಾಗ ನಮ್ಮ ಕ್ಲಬ್ಬುಗಳಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಆಗ ಅನ್ಯರ ಅನುಭವ ಕೈಯಲ್ಲಿರುವುದು ಒಳ್ಳೆಯದು.

ಹಾಗಾದರೆ ಮಾರಬಹುದೇ?

ಹೊಸದಾಗಿ ಕಟ್ಟಿದ ಮೈದಾನಕ್ಕೆ ಕಂಪನಿಯ ಹೆಸರಿಟ್ಟು ಹಣ ಪಡೆಯುವುದರಲ್ಲಿ ದೊಡ್ಡ ಅನ್ಯಾಯವಿಲ್ಲ. ಕಂಪನಿ ಯೋಗ್ಯವಾಗಿದ್ದು, ಹಣ ಕಟ್ಟಡಕ್ಕೇ ಹೋದರೆ ಅದು ನ್ಯಾಯವಾದ ವ್ಯಾಪಾರ. 2025ರಲ್ಲಿ ಎವರ್ಟನ್ ಕ್ಲಬ್ಬು 1892ರಿಂದ ಆಡಿದ ಗುಡಿಸನ್ ಪಾರ್ಕ್ ಬಿಟ್ಟು ಲಿವರ್‌ಪೂಲ್‌ನ ಬಂದರಿನ ಬಳಿ ಹೊಸ ಕ್ರೀಡಾಂಗಣಕ್ಕೆ ಹೋದಾಗ, ವಕೀಲರ ಸಂಸ್ಥೆಯೊಂದರ ಹೆಸರಿನಲ್ಲಿ ಅದು 'ಹಿಲ್ ಡಿಕಿನ್ಸನ್ ಸ್ಟೇಡಿಯಂ' ಆಯಿತು. ಗುಡಿಸನ್ ಎಂಬ ಹೆಸರನ್ನು ಯಾರೂ ಬಾಡಿಗೆಗೆ ಕೊಡಲಿಲ್ಲ.

ಹಳೆಯ ಹೆಸರಿನ ವಿಷಯ ಹಾಗಲ್ಲ. ಅದನ್ನು ಬೆಳೆಸಿದವರು ಪ್ರೇಕ್ಷಕರು. ಅವರನ್ನು ಕೇಳದೆ ಮಾರುವುದು ಕಾನೂನಿಗೆ ಸರಿಯಿರಬಹುದು, ನ್ಯಾಯಕ್ಕೆ ಸರಿಯಲ್ಲ. ಮಾರಲೇಬೇಕಾದ ಕಷ್ಟ ಬಂದರೆ ಅದನ್ನು ಲೆಕ್ಕಪತ್ರದೊಂದಿಗೆ ಅವರ ಮುಂದಿಟ್ಟು, ಒಪ್ಪಿಗೆ ಪಡೆದು, ಹಳೆಯ ಹೆಸರನ್ನು ಅಳಿಸದೆ ಜೊತೆಗಿಟ್ಟುಕೊಂಡು ಮಾರಬೇಕು. ಬಾರ್ಸಿಲೋನಾ ತೋರಿಸಿದ ದಾರಿ ಇದು. ನ್ಯೂಕ್ಯಾಸಲ್ ಆಡಳಿತ ಬಿಟ್ಟುಬಿಟ್ಟ ದಾರಿಯೂ ಇದೇ.

ಮನೆಯಲ್ಲಿ ಮಕ್ಕಳು ಈ ವಿಷಯದ ಮೇಲೆ ಚರ್ಚೆಗೆ ಸಿದ್ಧವಾಗುತ್ತಿದ್ದರೆ ಹಿರಿಯರು ಅವರಿಗೆ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಹೆಸರು ಎಷ್ಟು ಹಳೆಯದು? ಬಂದ ಹಣ ಎಲ್ಲಿಗೆ ಹೋಗುತ್ತದೆ? ಕೊಳ್ಳುವವನ ಕಸುಬು ಏನು? ಹೆಸರನ್ನು ಬೆಳೆಸಿದವರನ್ನು ಕೇಳಿದ್ದಾರೆಯೇ? ಫುಟ್‌ಬಾಲ್ ಮೈದಾನಕ್ಕಷ್ಟೇ ಅಲ್ಲ, ಊರಿನ ಕೆರೆ, ರಸ್ತೆ, ಶಾಲೆಯ ರಂಗಮಂದಿರ, ಯಾವುದರ ಹೆಸರು ಬದಲಾಗುವಾಗಲೂ ಈ ನಾಲ್ಕಕ್ಕೂ ಉತ್ತರ ಸಿಗಬೇಕು. ಉತ್ತರ ಕೊಡಲು ಒಪ್ಪದವರ ಕೈಗೆ ಹೆಸರನ್ನು ಬಿಟ್ಟುಕೊಡಬಾರದು.